ಕೋರ್ಟ್ ಏಳುವವರೆಗೆ

ಸೋಮಮ್ಮನ ಪಾದ ತೊಳೆಯುತ್ತಿದ್ದ ಪುಟ್ಟತಾಯಮ್ಮನ ಕೈಗೆ ಭಜನೆ ಮೇಳದ ಕೆಂಪಾಜಮ್ಮ ತಾಳ ತಂದು ಹಿಡಿಸಿದಳು.

"ಸುರು ಮಾಡಕ್ಕ. ಹೆಣ ಎತ್ತೋ ಹೊತ್ತಾಯ್ತು."

ಚುಂಚನಕಟ್ಟೆಯ ಸುತ್ತ ಯಾರ ಮನೆಯ ಸಾವಿಗೂ ಮೂವತ್ತು ವರ್ಷ ಭಜನೆ ಹೇಳಿಕೊಟ್ಟವಳು ಈ ಸೋಮಮ್ಮ. ಕೋರ್ಟಿನಲ್ಲಿ ಶಿಕ್ಷೆಯಾದವಳ ಬಾಯಲ್ಲಿ ದೇವರ ಹೆಸರು ಬೇಡವೆಂದು ಊರ ಯಜಮಾನ ಪುಟ್ಟಮಲ್ಲಪ್ಪನವರು ಹೋದ ವರ್ಷ ತಾಳ ಕಿತ್ತು ಪುಟ್ಟತಾಯಮ್ಮನಿಗೆ ಕೊಟ್ಟಿದ್ದರು. ಮಹಾತಾಯಿ ಪುಟ್ಟತಾಯಮ್ಮನೂ ತುಟಿಪಿಟಕ್ಕೆನ್ನದೆ ಇಸಿದುಕೊಂಡಿದ್ದಳು. ಅಂದಿನಿಂದ ಅವಳಿಗೆ ಗೆಳತಿಯ ಮುಖ ನೋಡಲೇ ನಾಚಿಕೆ.

"ಒಳ್ಳೇವ್ಳೇಯ ಪಾಪ. ಇಮಾನದಾಗೆ ಬೆಂಕಿ ಹಚ್ಚಿ ಎಸ್ರು ಕೆಡಿಸ್ಕೊಂಡ್ಳು," ಎಂದರು ಪುಟ್ಟಮಲ್ಲಪ್ಪ.

*

ಗೆಳತಿಯರಿಬ್ಬರೂ ಕಾಶಿಯಿಂದ ಬರುವಾಗ, ಬೆಂಗಳೂರು ಇನ್ನೇನು ಬಂತು ಅನ್ನುವಷ್ಟರಲ್ಲಿ ವಿಮಾನ ಗಡಗಡ ಅಲುಗಿತು. ಪುಟ್ಟತಾಯಮ್ಮನ ಜೀವ ಬಾಯಿಗೆ ಬಂತು. ಎಲೆಅಡಿಕೆ ಚೀಲದಲ್ಲಿ ಹೇಗೋ ಉಳಿದಿದ್ದ ಬೆಂಕಿಕಡ್ಡಿ ಗೀರಿ, ಕುಂಕುಮದ ಡಬ್ಬಿಯ ಮುಚ್ಚಳದಲ್ಲಿ ಕರ್ಪೂರ ಹಚ್ಚಿಯೇಬಿಟ್ಟಳು! ಸೀಟು ಸುಟ್ಟು ಹೊಗೆಯೆದ್ದಿತು. ಗಗನಸಖಿಯರು ಓಡಿಬರುವಷ್ಟರಲ್ಲಿ ಸೋಮಮ್ಮ ಮುಚ್ಚಳ ಕಸಿದುಕೊಂಡಿದ್ದಳು.

"ಸುಮ್ಕಿರು. ನಿನ್ ಮಗನ ಮದ್ವೆಗೆ ಎಂಟೇ ದಿನ ಐತೆ. ನಂಗ್ಯಾರವ್ರೆ?"

ತಿಂಗಳುಗಳ ಮೇಲೆ ನ್ಯಾಯಾಧೀಶರ ಎದುರೂ ಅವಳದು ಅದೇ ಮಾತು: "ತಪ್ಪು ನಂದೇ ಸ್ವಾಮಿ."

"ವಿಮಾನದಲ್ಲಿ ಬೆಂಕಿ ಅಂದರೆ ನೂರಾರು ಜನರ ಪ್ರಾಣದ ಮಾತು. ಜೈಲಿಗೂ ಕಳಿಸಬಹುದು," ಎಂದರು ಅವರು. "ವಯಸ್ಸಾಗಿದೆ, ಮೊದಲ ತಪ್ಪು, ನೀವೇ ಒಪ್ಪಿಕೊಂಡಿದ್ದೀರಿ. ದಂಡ ಕಟ್ಟಿ, ಇವತ್ತು ಕೋರ್ಟ್ ಏಳುವವರೆಗೆ ಇಲ್ಲೇ ಕೂತಿರಿ. ಅದೇ ಶಿಕ್ಷೆ."

ಸೋಮಮ್ಮ ಸಂಜೆಯವರೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಹಿಂದಿನ ಬೆಂಚಿನಲ್ಲಿ ಪುಟ್ಟತಾಯಮ್ಮನೂ ಅಷ್ಟು ಹೊತ್ತೂ ಕೂತಿದ್ದಳು.

*

ಈಗ ಬಾಯಿ ಬಿಡದಿದ್ದರೆ ಗೆಳತಿ ಕೆಟ್ಟ ಹೆಸರು ಹೊತ್ತೇ ಮಣ್ಣಿಗೆ ಹೋಗುತ್ತಾಳೆ. ಪುಟ್ಟತಾಯಮ್ಮ ಎದ್ದು ನಿಂತಳು.

"ಯಜಮಾನ್ರೇ, ಬೆಂಕಿ ಹಚ್ಚಿದ್ದು ನಾನು ಕಣ್ರೀ! ನನ್ ಮಗನ ಮದ್ವೆ ನಿಲ್ಬಾರ್ದು ಅಂತ ಇವ್ಳು ತಲೆ ಕೊಟ್ಲು. ಕೋರ್ಟಿಗೂ ಓಗಿ ಯೋಳ್ತೀನಿ. ಏನ್ ಸಿಕ್ಸೆ ಕೊಟ್ರೂ ಸರಿ."

ಅಂಗಳದಲ್ಲಿದ್ದ ಮಗ ಧರ್ಮೇಂದ್ರ ತಲೆ ತಗ್ಗಿಸಿದ. ಆ ಮದುವೆಯಲ್ಲೇ ಮನೆ ತುಂಬಿದ ಸೊಸೆ ರಮ್ಯ, ಕಂಕುಳ ಕೂಸನ್ನು ಗಂಡನ ಕೈಗಿತ್ತು ಸೆರಗು ಸಿಕ್ಕಿಸಿಕೊಂಡಳು.

"ಎದ್ದೇಳಿ ಅತ್ತೆ. ಸೋಮವ್ವನ್ನ ನಾವೇ ಒರಾನ."

"ಎಂಗುಸ್ರು ಮಸಾಣಕ್ಕೆ ಓಗಂಗಿಲ್ಲ ಕಣವ್ವ," ಎಂದರು ಪುಟ್ಟಮಲ್ಲಪ್ಪ. ದನಿಯಲ್ಲಿ ಜೋರಿರಲಿಲ್ಲ.

ರಮ್ಯ ಆಗಲೇ ಚಟ್ಟಕ್ಕೆ ಹೆಗಲು ಕೊಟ್ಟಿದ್ದಳು. ಪಕ್ಕದಲ್ಲಿ ಪುಟ್ಟತಾಯಮ್ಮ, ಹಿಂದೆ ಕೆಂಪಾಜಮ್ಮ, ಅವರ ಹಿಂದೆ ಊರಿನ ಹೆಂಗಸರೆಲ್ಲ ಗಂಟಲು ಬಿಚ್ಚಿ ಹಾಡುತ್ತ ನಡೆದರು. ಗದ್ದೆಯ ಬದು ಕಿರಿದಾಗಿತ್ತು. ಮುಂದೆ ನಡೆಯುತ್ತಿದ್ದ ಪುಟ್ಟಮಲ್ಲಪ್ಪನವರು ಹೆಗಲ ಟವಲು ತೆಗೆದು ಕೈಯಲ್ಲಿ ಹಿಡಿದು, ಮೊಣಕಾಲುದ್ದ ಕೆಸರಿಗಿಳಿದು ದಾರಿ ಬಿಟ್ಟರು.