ಸುತ್ತಿಗೆಗೆ ಕಟ್ಟಿದ ಚರ್ಮ

ಕೆಟ್ಟು ಕೂತ ಹಳೆಯ ಗಡಿಯಾರಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ಗಡಿಯಾರದಕ್ಕನ ಮೇಜಿಗೆ. ರಿಪೇರಿಯಲ್ಲಿ ಅವಳದು ಎತ್ತಿದ ಕೈ. ಅದು ಅವಳಿಗೂ ಸ್ವಲ್ಪ ಹೆಚ್ಚೇ ಗೊತ್ತಿತ್ತು, ಎಡವಟ್ಟಾದದ್ದು ಅಲ್ಲೇ.

ಈ ಸಲ ಬಂದದ್ದು ಲಾಂದ್ರದ ಆಕಾರದ ಹಿತ್ತಾಳೆ ಗಡಿಯಾರ. ಮುನ್ನೂರು ವರ್ಷದ ಜೀವ. ಒಂದೇ ಮುಳ್ಳು, ನೆತ್ತಿಯ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಗಂಟೆ. ಮೂರು ವಾರ ಕೂತು ಚಕ್ರಗಳ ಜಿಡ್ಡು ತೆಗೆದಳು, ಸವೆದ ತೂತುಗಳಿಗೆ ಹೊಸ ಹಿತ್ತಾಳೆ ಕೂರಿಸಿದಳು. ಗಂಟೆ ಹೊಡೆಯುವ ಸುತ್ತಿಗೆಗೆ ಯಾರೋ ಪುಣ್ಯಾತ್ಮರು ಕೊಳಕು ಚರ್ಮದ ತುಂಡೊಂದನ್ನು ಕಟ್ಟಿದ್ದರು. ಅದನ್ನು ಮೊದಲ ದಿನವೇ ಕಿತ್ತು ಕಸದ ಬುಟ್ಟಿಗೆ ಹಾಕಿದ್ದಳು. ಈಗ ಗಂಟೆಯ ದನಿ ಬೀದಿಯ ಕೊನೆಗೂ ಕೇಳುತ್ತಿತ್ತು. ಅವಳಿಗೆ ಹಿಗ್ಗೋ ಹಿಗ್ಗು.

ಅದರ ಒಡೆಯರ ಮನೆಗೆ ಒಯ್ದು ಗೋಡೆಗೆ ತೂಗುಹಾಕಿದಾಗ ಮಧ್ಯಾಹ್ನ ಮೂರು ಗಂಟೆ. ಗಡಿಯಾರ ಮನೆ ಬಿಟ್ಟ ದಿನದಿಂದ ಆ ಮನೆಯ ಅಜ್ಜಿಗೆ ನಿದ್ದೆ ಹತ್ತಿರಲಿಲ್ಲ. ಕಣ್ಣು ಗುಳಿ ಬಿದ್ದಿದ್ದವು. ಗಡಿಯಾರ ಠಣ್ ಠಣ್ ಠಣ್ ಎಂದಿತು. ಅಜ್ಜಿ ಕಿವಿ ಮುಚ್ಚಿಕೊಂಡರು.

"ಇದು ನಮ್ದಲ್ಲ ಕಣೇ. ಯಾರ ಮನೇದೋ ತಂದಿದೀಯ."

"ಅದೇ ಗಡಿಯಾರ ಅಮ್ಮಾ," ಎಂದ ಅರವತ್ತು ದಾಟಿದ, ಹೊಟ್ಟೆ ಮುಂದೆ ಬಂದ ಮಗ.

"ನಮ್ದು ಹೀಗೆ ಕಿರುಚಲ್ಲ. ನೀನು ಕೂಸಾಗಿದ್ದಾಗ ಗಂಟೆ ಹೊಡೆದಾಗೆಲ್ಲ ಬೆಚ್ಚಿಬಿದ್ದು ಅಳ್ತಿದ್ದೆ. ನಿಮ್ಮಪ್ಪ ತಮ್ಮ ಹಳೇ ಚಪ್ಪಲಿ ಕತ್ತರಿಸಿ ಸುತ್ತಿಗೆಗೆ ಕಟ್ಟಿದ್ರು. ಅವತ್ತಿಂದ ನೀನೂ ಮಲಗಿದೆ, ನಾನೂ ಮಲಗಿದೆ."

ಗಡಿಯಾರದಕ್ಕನ ಮುಖ ಪೆಚ್ಚಾಯಿತು. ಬುಟ್ಟಿಯ ಕಸ ಹೋಗಿ ಯಾವ ಕಾಲವಾಯಿತೋ!

"ತಪ್ಪು ನಂದೇ ಅಜ್ಜಿ. ಕೊಳಕು ಅಂತ ಎಸೆದುಬಿಟ್ಟೆ."

ಚೀಲದಿಂದ ಉಣ್ಣೆಬಟ್ಟೆ ತೆಗೆದು ಸುತ್ತಿಗೆಗೆ ಕಟ್ಟಿ, ಗಂಟೆ ಹೊಡೆಸುವ ಒಳಗಿನ ಸನ್ನೆಕಡ್ಡಿ ಎತ್ತಿದಳು. ಈ ಜಾತಿಯ ಗಡಿಯಾರಕ್ಕೆ ಗಂಟೆ ಹೊಡೆಯಲು ಮುಳ್ಳಿನ ಹಂಗಿಲ್ಲ. ಕಡ್ಡಿ ಎತ್ತಿದಾಗಲೆಲ್ಲ ಮುಂದಿನ ಲೆಕ್ಕ ಹೊಡೆಯುತ್ತದೆ. ನಾಲ್ಕು ಹೊಡೆಯಿತು.

"ನೆಗಡಿ ಬಂದಂಗಿದೆ," ಎಂದರು ಅಜ್ಜಿ.

ಹೊಸ ಚರ್ಮ ಕಟ್ಟಿದಳು. ಐದು.

"ಸಾಲದವನು ಬಾಗಿಲು ಬಡಿದಂಗಿದೆ."

ಬಿರಡೆ, ರಬ್ಬರು, ಕಾಲುಚೀಲ, ಹತ್ತಿ, ಗೋಣಿ ಎಲ್ಲ ಆಗಿ ಹತ್ತು ಹೊಡೆದರೂ ಅಜ್ಜಿಯ ತಲೆ ಅಡ್ಡಡ್ಡವೇ ಆಡಿತು.

"ಬೆವರು ಕುಡಿದು ಮೆತ್ತಗಾದ ಹಳೇ ಚರ್ಮವೇ ಬೇಕು," ಎನ್ನುತ್ತ ಗಡಿಯಾರದಕ್ಕ ಸುತ್ತ ನೋಡಿದಳು. ಕಣ್ಣು ಮಗನ ಸೊಂಟದ ಮೇಲೆ ನಿಂತಿತು.

"ಇದಾ? ಇಪ್ಪತ್ತು ವರ್ಷದಿಂದ ಇದೊಂದೇ ಬೆಲ್ಟು ನಂಗೆ!"

"ಬಿಚ್ಚೋ," ಎಂದರು ಅಜ್ಜಿ.

ಅವನು ಪ್ಯಾಂಟು ಹಿಡಿದುಕೊಂಡು ನಿಂತ. ಸುತ್ತಿಗೆಗೆ ಬೆಲ್ಟಿನ ತುಂಡು ಕಟ್ಟಿಸಿಕೊಂಡ ಗಡಿಯಾರ ಹನ್ನೊಂದು ಹೊಡೆಯತೊಡಗಿತು. ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಮಾತಾಡುವಷ್ಟೇ ಸದ್ದು. ಐದನೆಯ ಪೆಟ್ಟಿಗೆ ಅಜ್ಜಿಯ ಕೈ ಮಡಿಲಿಗೆ ಜಾರಿತು. ಎಂಟಕ್ಕೆ ಗೊರಕೆ.

ಗಡಿಯಾರದಕ್ಕನಿಗೆ ಕಣ್ಣು ತುಂಬಿ ಬಂತು. ಆದರೆ ಲೆಕ್ಕ ತಪ್ಪಿದ ಗಡಿಯಾರವನ್ನು ಅವಳು ಯಾವ ಮನೆಯಲ್ಲೂ ಬಿಟ್ಟುಬಂದವಳಲ್ಲ. ಮುಂದಿನದು ನಾಲ್ಕಾಗಬೇಕಾದರೆ ಹನ್ನೆರಡು, ಒಂದು, ಎರಡು, ಮೂರು ಹೊಡೆಸಲೇಬೇಕು.

"ಇನ್ನೂ ಹದಿನೆಂಟು ಪೆಟ್ಟು," ಎಂದು ಪಿಸುಗುಟ್ಟಿದಳು.

"ಎದ್ದುಬಿಟ್ರೆ?" ಎಂದು ಮಗ ಪಕ್ಕದ ಕುರ್ಚಿಯಲ್ಲಿ ಕುಸಿದ.

ಜೀವ ಕೈಯಲ್ಲಿ ಹಿಡಿದು ಹದಿನೆಂಟನ್ನೂ ಹೊಡೆಸಿದಳು. ಅಜ್ಜಿ ಮಿಸುಕಲಿಲ್ಲ. ಗೆದ್ದೆವು ಎಂದು ಹೇಳಲು ತಿರುಗಿದರೆ, ಮಗನೂ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಬಾಯಿ ತೆರೆದು ನಿದ್ದೆಹೋಗಿದ್ದ.

ಅವಳು ಚಪ್ಪಲಿ ಕೈಗೆತ್ತಿಕೊಂಡು, ಕೂಸು ಮಲಗಿದ ಮನೆಯಿಂದ ಹೊರಡುವವಳಂತೆ, ತುದಿಗಾಲಲ್ಲಿ ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು.