ಜೇಬಿನಲ್ಲಿಟ್ಟ ಧ್ವನಿ

ಹೂವಿನ ಬುಟ್ಟಿಗೆ ಜಾಗ ಬೇಕೆಂದು ಗಂಡ ಮೇಜಿನ ಮೇಲಿದ್ದ ಬಿಚ್ಚಿದ ಕಂಪ್ಯೂಟರನ್ನು ಎತ್ತಹೊರಟಾಗ ಸೊಸೆ ಅದರ ಮೇಲೆ ಅಂಗೈಯಿಟ್ಟು ತಡೆದಳು.

"ಇದು ಇಲ್ಲೇ ಇರ್ಲಿ. ಅತ್ತೆ ಅರ್ಧ ಮಾಡಿಟ್ಟಿದ್ದು. ಇವತ್ತು ಕೊಡ್ತೀನಿ ಅಂದಿದ್ರು."

"ಇವತ್ತಾ? ಅಮ್ಮ ಒಳಗೆ ಮಲಗಿದಾಳೆ ಕಣೇ!"

"ಗಾಡಿ ಬರೋದು ಮಧ್ಯಾಹ್ನ. ಅಷ್ಟರಲ್ಲಿ ಮುಗಿಸ್ತೀನಿ."

ಮನೆಯ ಮುಂದಿನ ಕೋಣೆಯೇ ರಿಪೇರಿ ಅಂಗಡಿ. ಅತ್ತೆಯ ಮುಖ ಕೊನೆಯ ಸಲ ನೋಡಲು ಒಳಗೆ ಹೋಗುವವರೆಲ್ಲ ಈ ಮೇಜನ್ನು ದಾಟಿಯೇ ಹೋಗಬೇಕು. ಪಕ್ಕದ ಕುರ್ಚಿಯಲ್ಲಿ ಕಂಡಕ್ಟರ್ ಮಾಮ ಅಂಗಿಯ ಜೇಬನ್ನು ಎಡಗೈಯಿಂದ ಒತ್ತಿಕೊಂಡು ಕೂತಿದ್ದರು. ಬಸ್ಸಿನ ನೌಕರಿಯಿಂದ ನಿವೃತ್ತರಾದ ಮರುವರ್ಷ ಗಂಟಲಿನ ಆಪರೇಷನ್ ಆಗಿತ್ತು. ಅಂದಿನಿಂದ ಅವರಿಗೆ ದನಿಯಿಲ್ಲ.

ಅತ್ತೆಯ ಅಕ್ಕ ಬಾಗಿಲಲ್ಲಿ ನಿಂತು ನೋಡಿದರು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಶುರುವಾಗೋಕೆ ಇಷ್ಟು ಅವಸರಾನಾ?"

"ಇಲ್ಲ ದೊಡ್ಡಮ್ಮ. ಇದಿನ್ನೂ ಅತ್ತೆ ಕಾಲದ್ದೇ ಕೆಲಸ."

* * *

ಆ ವಾರದ ಮೊದಲಲ್ಲಿ ಕಂಡಕ್ಟರ್ ಮಾಮ ಕಂಪ್ಯೂಟರನ್ನು ಮಗುವಿನಂತೆ ಅವುಚಿಕೊಂಡು ಬಂದಿದ್ದರು. ಸ್ಲೇಟಿನ ಮೇಲೆ ಬರೆದು ತೋರಿಸಿದರು: ಮೆಷಿನ್ ಏಳ್ತಾ ಇಲ್ಲ, ನನ್ನ ಮಾತೆಲ್ಲ ಅದರೊಳಗಿದೆ. ಆಪರೇಷನ್ನಿಗೆ ಮೊದಲು ಅವರು ದಿನಬಳಕೆಯ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದರು. ಒಂದು ಕೀ ಒತ್ತಿದರೆ ಯಂತ್ರ ಅವರದೇ ದನಿಯಲ್ಲಿ ಹೆಂಡತಿಯನ್ನು ಕರೆಯುತ್ತಿತ್ತು, ಮೊಮ್ಮಗಳನ್ನು ಬೈಯುತ್ತಿತ್ತು.

ಅತ್ತೆ ಪೆಟ್ಟಿಗೆ ಬಿಚ್ಚಿದರು. ಒಳಗೆ ಎರಡು ಡಿಸ್ಕ್.

"ಕೆಟ್ಟಿರೋದು ಇದರಲ್ಲಿರೋ ಆಪರೇಟಿಂಗ್ ಸಿಸ್ಟಮ್. ಅಳಿಸಿ ಹೊಸದು ಹಾಕ್ತೀನಿ. ನಿಮ್ಮ ಮಾತೆಲ್ಲ ಆ ಇನ್ನೊಂದರಲ್ಲಿದೆ." ಆ ಇನ್ನೊಂದನ್ನು ಕಳಚಿ, ಚೀಲದಲ್ಲಿ ಸುತ್ತಿ, ಅವರ ಜೇಬಿಗೇ ಇಳಿಸಿದರು. "ನಾನು ಕೇಳೋವರೆಗೂ ನಿಮ್ಮ ಹತ್ರಾನೇ ಇರ್ಲಿ."

ಯಾರ ಕಂಪ್ಯೂಟರ್ ಬಂದರೂ ಅತ್ತೆಯ ರೀತಿ ಇದೇ. ಹೊಸತರಲ್ಲಿ ಸೊಸೆ ಕೇಳಿದ್ದಳು, "ಒಳಗೇ ಇದ್ರೆ ಏನಾಗತ್ತೆ? ನೋಡ್ಕೊಂಡು ಒತ್ತಿದ್ರಾಯ್ತಲ್ಲ?"

"ಯಾವುದನ್ನ ಅಳಿಸ್ಲಿ ಅಂತ ಅದು ಕೇಳ್ವಾಗ ಬರೀ ನಂಬರ್ ತೋರಿಸತ್ತೆ. ಎರಡೂ ಒಂದೇ ಅಳತೆ ಇದ್ರೆ ಎಂಥಾ ಜಾಣರ ಕಣ್ಣೂ ತಪ್ಪತ್ತೆ. ಪೆಟ್ಟಿಗೇಲಿ ಇಲ್ಲದೇ ಇರೋದನ್ನ ಮಾತ್ರ ಯಾರೂ ಅಳಿಸಕ್ಕಾಗಲ್ಲ ಕಣಮ್ಮ."

ತನ್ನ ಕೈಯಲ್ಲಿ ಯಾರದ್ದೂ ಒಂದು ಫೋಟೋ ಸಹ ಹಾಳಾಗಿಲ್ಲವೆಂದು ಹೇಳುವಾಗ ಅತ್ತೆ ಒಂದು ಗೇಣು ಎತ್ತರವಾಗಿ ಕಾಣುತ್ತಿದ್ದರು. ಅದಕ್ಕೇ ಇರಬೇಕು, ಕಳಚಿದ ಡಿಸ್ಕನ್ನು ಮತ್ತೆ ಜೋಡಿಸುವ ಕೆಲಸವನ್ನು ಅವರು ಸೊಸೆಗೆ ಒಮ್ಮೆಯೂ ಬಿಟ್ಟುಕೊಟ್ಟಿರಲಿಲ್ಲ.

* * *

"ಇದೇ ಕುರ್ಚೀಲಿ ನನ್ನನ್ನೂ ಕೂರ್ಸಿದ್ರು," ಎಂದ ಬೇಕರಿಯವನು, ಒಳಗಿನಿಂದ ಕಣ್ಣೊರೆಸಿಕೊಂಡು ಬರುತ್ತ. "ಡಿಸ್ಕ್ ತೊಡೆ ಮೇಲೆ. ಟೀ ಕುಡ್ದು ಬರ್ತೀನಿ ಅಂದ್ರೆ, ಮಗಳ ಮದುವೆ ಫೋಟೋನ ಟೀ ಅಂಗಡೀಲಿ ಬಿಟ್ಟು ಬರ್ತೀಯಾ ಅಂತ ಬೈದ್ರು."

ಅಕ್ಕ ನಕ್ಕುಬಿಟ್ಟರು. ಥಟ್ಟನೆ ಬಾಯಿ ಮುಚ್ಚಿಕೊಂಡು, "ಚಿಕ್ಕವಳಿದ್ದಾಗ್ಲೂ ಹಾಗೇ ಇದ್ಲು, ಮುಂಡೇದು," ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತರು.

ಹೊಸ ಸಿಸ್ಟಮ್ ಹಾಕಿ ಮುಗಿಯಿತು. ಸೊಸೆ ಯಂತ್ರವನ್ನು ಆರಿಸಿ ಕೈಚಾಚಿದಳು.

"ಮಾಮ, ಈಗ ಕೊಡಿ."

ಅವರು ಕೊಡಲಿಲ್ಲ. ಒಳಗಿನ ನಡುಮನೆಯ ಕಡೆ ನೋಡಿದರು, ಕೇಳಬೇಕಾದವರು ಅಲ್ಲಿದ್ದಾರೆ ಎಂಬಂತೆ. ಆಮೇಲೆ ಅವಳ ಕೈಯನ್ನು ನೋಡಿದರು. ಜೇಬಿನಿಂದ ಬಂದ ಡಿಸ್ಕ್ ಬೆಚ್ಚಗಿತ್ತು.

ಜೋಡಿಸಿ ಚಾಲೂ ಮಾಡಿದಾಗ ತೆರೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?

"ಹೂಂ ಅಂತ ಒತ್ತೇ, ಗಾಡಿ ತಿರುವಿಗೆ ಬಂತಂತೆ," ಎಂದ ಗಂಡ.

"ಒತ್ತಿದ್ರೆ ಮಾತೆಲ್ಲ ಅಳಿಸಿಹೋಗತ್ತೆ."

ಕಂಡಕ್ಟರ್ ಮಾಮ ಕುರ್ಚಿಯಿಂದ ಅರ್ಧ ಎದ್ದರು. ಸೊಸೆ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಡಿಸ್ಕ್ ನಿಜವಾಗಿ ಖಾಲಿಯೇ, ಅಥವಾ ಕಂಪ್ಯೂಟರಿಗೆ ಅದು ಸರಿಯಾಗಿ ಕಾಣುತ್ತಿಲ್ಲವೇ? ಎರಡನೆಯದೇ ಇರಬೇಕು, ಹಾಗಾದರೆ ಮೊದಲು ಪರೀಕ್ಷಿಸಬೇಕಾದ್ದು ತಂತಿ. ಬೇಡವೆಂದು ಒತ್ತಿ, ಯಂತ್ರ ಆರಿಸಿ, ತಂತಿಯ ತುದಿಯನ್ನು ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಸಣ್ಣ ಬಿರುಕು. ಡ್ರಾಯರಿನಿಂದ ಬೇರೆ ತಂತಿ ತೆಗೆದಳು.

ಹೊರಗೆ ಗಾಡಿ ನಿಂತ ಸದ್ದು. ತೆರೆ ಬೆಳಗಿತು. ಈ ಸಲ ಪ್ರಶ್ನೆಯಿಲ್ಲ. ಸಾಲು ಸಾಲಾಗಿ ಫೈಲುಗಳು, ಕೆಳಗೆ ಎಳೆದಷ್ಟೂ ಮುಗಿಯದಷ್ಟು. ಅವಳು ಒಂದನ್ನೂ ತೆರೆಯಲಿಲ್ಲ. ಕೀಬೋರ್ಡನ್ನು ಮಾಮನ ಕಡೆ ತಿರುಗಿಸಿ, ಸ್ಪೀಕರಿನ ತಂತಿ ಸಿಕ್ಕಿಸಿ, ಅತ್ತೆಗೆ ಹೆಗಲು ಕೊಡಲು ಒಳಗೆ ಹೋದಳು.

ಅತ್ತೆಯನ್ನು ಮೇಜಿನ ಪಕ್ಕದಿಂದಲೇ ಹೊರಗೆ ತಂದು ಗಾಡಿಯಲ್ಲಿ ಮಲಗಿಸಿದರು. ಬಾಗಿಲು ಮುಚ್ಚಿತು. ಡ್ರೈವರ್ ಯಾರಾದರೂ ಹೊರಡು ಎಂದು ಹೇಳಲಿ ಎಂದು ಕಾಯುತ್ತಿದ್ದ. ಮಗ ಗಾಡಿಯ ಬಾಗಿಲಿಗೆ ಅಂಗೈಯೊತ್ತಿ ನಿಂತ. ಅಕ್ಕ ತಲೆ ತಗ್ಗಿಸಿದರು. ಬೀದಿಯಲ್ಲಿ ನಿಂತವರಲ್ಲಿ ಯಾರಿಗೂ ಆ ಮಾತು ಹೊರಡಲಿಲ್ಲ.

ಆಗ ಅಂಗಡಿಯ ಒಳಗಿನಿಂದ, ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳುವಂಥ ಕಂಚಿನ ಕಂಠವೊಂದು ಮೊಳಗಿತು:

"ರೈಟ್! ಹೋಗೋಣಾ!"

ಎಲ್ಲರೂ ತಿರುಗಿದರು. ಕಂಡಕ್ಟರ್ ಮಾಮ ಕೀಬೋರ್ಡಿನ ಮೇಲೆ ಬೆರಳಿಟ್ಟು, ಗಲ್ಲ ಮೇಲೆತ್ತಿ, ನೆಟ್ಟಗೆ ನಿಂತಿದ್ದರು. ಡ್ರೈವರ್ ಗೇರ್ ಹಾಕಿದ.