ಬಚ್ಚಣ್ಣ ಜಾಕೆಟ್ ಹಾಕಿಕೊಂಡ ದಿನ

ನಮ್ಮ ಕಡಲತಡಿಯ ಮನೆಗಳಲ್ಲಿ ಈಜನ್ನು ಯಾರೂ ಕಲಿಸುವುದಿಲ್ಲ. ತಾನಾಗಿ ಬರುತ್ತದೆ ಎಂದು ನಂಬಿರುತ್ತೇವೆ. ಲೈಫ್ ಜಾಕೆಟ್ ಇರುವುದು ಘಟ್ಟದ ಮೇಲಿನ ಪ್ರವಾಸಿಗರಿಗೆ ಎಂದು ನಗುತ್ತೇವೆ. ಕಿರಿಮಂಜೇಶ್ವರದ ಬಚ್ಚಣ್ಣನೂ ನಕ್ಕವರೇ.

ಅವರು ಬಹುಕಾಲ ಮೀನುದೋಣಿ ನಡೆಸುವ ತಾಂಡೇಲರಾಗಿದ್ದವರು. ನೀರಿಗಿಳಿದ ಮೇಲೆ ತಾಂಡೇಲನ ಮಾತೇ ಮಾತು. ದೋಣಿಯ ಯಜಮಾನನೂ ಅದನ್ನು ಮೀರುವಂತಿಲ್ಲ. ಕಳೆದ ವರ್ಷ ಅವರ ಬಲಭುಜ ಹಿಡಿದುಕೊಂಡಿತು. ಕೈ ಎದೆಯಿಂದ ಮೇಲೆ ಹೋಗದು. ಅದು ಗೊತ್ತಿದ್ದದ್ದು ಹೆಂಡತಿ ಬಾಗಿಯಮ್ಮನಿಗೆ ಮಾತ್ರ. ಊರಿಗೆಲ್ಲ, ವಯಸ್ಸಾಯಿತು, ಕಡಲು ಸಾಕು ಎಂದಿದ್ದರು.

ಮುಂಬಯಿಯಿಂದ ರಜೆಗೆ ಬಂದ ಮಗಳು ದಿವ್ಯಾ ಇಬ್ಬರನ್ನೂ ಶಿರೂರಿನ ಕಡೆಯ ಪ್ರವಾಸಿ ದೋಣಿಗೆ ಕರೆದೊಯ್ದಳು. ಮೊದಲು ಡಾಲ್ಫಿನ್ ನೋಡುವುದು. ಆಮೇಲೆ ನಡುಗಡ್ಡೆಯ ಬಳಿ ಕನ್ನಡಕ, ಉಸಿರಿನ ಕೊಳವೆ ಹಾಕಿಕೊಂಡು ತೇಲುತ್ತ ನೀರಿನಡಿಯ ಮೀನು ನೋಡುವುದು. ದೋಣಿಯ ಜವಾಬ್ದಾರಿ ಸ್ವಾತಿಯದು. ಅವಳೂ ಮೀನುಗಾರರ ಮನೆಯವಳು, ಬಚ್ಚಣ್ಣನನ್ನು ಬಲ್ಲವಳು, ತರಬೇತಿ ಪಡೆದವಳು. ಎಲ್ಲರಿಗೂ ಜಾಕೆಟ್ ಕೊಟ್ಟಳು. ಬಚ್ಚಣ್ಣ ತಮ್ಮದನ್ನು ಮಡಚಿ, ಅದರ ಮೇಲೆ ಕೂತರು.

"ಹೆಣ್ಣೆ, ನಾ ಹುಟ್ಟಿ ಬೆಳ್ದದ್ದೇ ಈ ಕಡ್ಲಗೆ. ನಂಗೆಂತಕೆ ಇದ್?"

ಈಜು ಬಲ್ಲವರಿಗೂ ಬೀಳುವಾಗ ತಲೆ ತಾಗಬಹುದು, ಕೈಕಾಲಿಗೆ ಸೆಳೆತ ಹಿಡಿಯಬಹುದು, ಆಗ ಜಾಕೆಟ್ ಒಂದೇ ತೇಲಿಸುವುದು ಎಂದು ಸ್ವಾತಿ ಹೇಳಿದಳು. ಬಚ್ಚಣ್ಣ ಕದಲಲಿಲ್ಲ. ಅವಳು ಎಂಜಿನ್ ನಿಲ್ಲಿಸಿ ಕೂತಳು.

"ಬಚ್ಚಣ್ಣ, ನಿಮ್ ದೋಣಿಯೊಳ್ಗೆ ತಾಂಡೇಲನ ಮಾತ್ ಮೀರ್ದವ್ನಿಗೆ ಎಂತ ಮಾಡ್ತಿದ್ರಿ?"

"ದಡಕ್ಕೆ ಇಳ್ಸ್ತಿದ್ದೆ."

"ಈ ದೋಣಿಗೆ ನಾನೇ ತಾಂಡೇಲ."

ಬಾಗಿಯಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. "ಇಳೀತ್ರ್ಯಾ, ಹಾಕಂತ್ರ್ಯಾ?"

ಬಚ್ಚಣ್ಣ ಹಾಕಿಕೊಂಡರು. ಕ್ಲಿಪ್ ಮಾತ್ರ ಹಾಗೇ ಬಿಟ್ಟರು. ಸ್ವಾತಿ ಬಂದು ಕ್ಲಿಪ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿದಳು.

ದೂರದಲ್ಲಿ ಡಾಲ್ಫಿನ್‌ಗಳ ಬೆನ್ನು ಕಂಡಿತು. ಯಾರೂ ಏಳಬೇಡಿ ಎಂದು ಸ್ವಾತಿ ಹೇಳುತ್ತಿದ್ದಂತೆ ಬಚ್ಚಣ್ಣ ಎದ್ದಾಗಿತ್ತು. ಮೀನಿನ ಹಿಂಡು ಕಂಡಾಗ ದೋಣಿಯ ತಲೆಯಲ್ಲಿ ನಿಂತು, ಯಾವ ಕಡೆಗೆಂದು ಕೈಯೆತ್ತಿ ತೋರಿಸಿ ಅಭ್ಯಾಸವಾದ ದೇಹ ಅದು. ಬಲಗೈ ಎತ್ತಿದರು. ಅದು ಅರ್ಧದಲ್ಲೇ ನಿಂತಿತು. ನೋವಿಗೆ ಅವರು ಬಾಗಿದರು. ಅಷ್ಟರಲ್ಲಿ ಅಲೆಗೆ ದೋಣಿ ವಾಲಿತು. ಬಚ್ಚಣ್ಣ ನೀರಿಗೆ ಬಿದ್ದರು.

ಬಾಗಿಯಮ್ಮ ದೋಣಿಯ ಅಂಚು ಹಿಡಿದು ನೀರಿನಲ್ಲಿ ಹುಡುಕಿದರು. ಆ ಕೈಯಿಂದ ಈಜಲಾಗದು ಎಂದು ತಿಳಿದಿದ್ದದ್ದು ಅವರೊಬ್ಬರಿಗೇ.

ಮುಖ ಮೇಲೆ ಬಂತು. ಮೇಲೆಯೇ ಉಳಿಯಿತು. ಸ್ವಾತಿ ಹಗ್ಗ ಕಟ್ಟಿದ ತೇಲುಬಳೆ ಎಸೆದು, ಅವರನ್ನು ದೋಣಿಗೆ ಎಳೆದುಕೊಂಡಳು.

"ಅಪ್ಪಯ್ಯ, ಕೈಗೆಂತ ಆಯ್ತ್?" ಎಂದು ದಿವ್ಯಾ ಕೇಳಿದಳು. ಬಚ್ಚಣ್ಣ ಮೊದಲ ಸಲ ಎಲ್ಲ ಹೇಳಿದರು. ಊರಿಗೆ ಮರಳಿದ ಕೂಡಲೇ ಡಾಕ್ಟರಿಗೆ ತೋರಿಸುವುದೆಂದು ತೀರ್ಮಾನವಾಯಿತು.

ನಡುಗಡ್ಡೆಯ ಬಳಿ ಅವರು ಮತ್ತೆ ನೀರಿಗಿಳಿದರು. ಈ ಸಲ ಕ್ಲಿಪ್ಪನ್ನು ತಾವೇ ಹಾಕಿಕೊಂಡು, ಸರಿಯಾಯಿತೇ ಎಂದು ಸ್ವಾತಿಗೆ ತೋರಿಸಿದರು. ಮುಖ ನೀರಿಗಿಟ್ಟು ತೇಲಿದವರು ಎಷ್ಟು ಕರೆದರೂ ಬರಲೊಲ್ಲರು.

"ಇಷ್ಟ್ ವರ್ಷ ಬಲೆಯೊಳ್ಗಿದ್ದ್ ಮೀನೇ ಕಂಡದ್ದ್," ಎಂದರು ಕೊನೆಗೆ ಹತ್ತಿ ಬಂದು. "ಅದ್ರ ಮನಿಯೊಳ್ಗೆ ಅದ್ ಹ್ಯಾಂಗಿರತ್ತ್ ಅಂತ ಇವತ್ತ್ ಕಂಡೆ."

ಈಗ ತಂಗಿಯ ಮಗ ರತೀಶ ಮೀನಿಗೆ ಹೊರಟರೆ ಬಚ್ಚಣ್ಣ ದಡದವರೆಗೂ ಹೋಗುತ್ತಾರೆ. ಅವನ ಜಾಕೆಟ್ಟಿನ ಪಟ್ಟಿ ಎಳೆದು ನೋಡಿಯೇ ದೋಣಿ ನೂಕಲು ಬಿಡುವುದು.

ನಿಮ್ಮ ಮನೆಯಿಂದಲೂ ಯಾರಾದರೂ ಕಡಲಿಗೆ ಹೋಗುತ್ತಾರೆ, ದುಡಿಯಲಿಕ್ಕೋ ನೋಡಲಿಕ್ಕೋ. ಈಜು ಬರುತ್ತದೆ ಎಂಬ ಮಾತಿಗೆ ಸುಮ್ಮನಾಗಿ ಕಳುಹಿಸಬೇಡಿ. ಜಾಕೆಟ್ ಮೈಮೇಲಿದೆಯೇ, ಕ್ಲಿಪ್ ಬಿಗಿಯಾಗಿದೆಯೇ ನಿಮ್ಮ ಕೈಯಿಂದಲೇ ನೋಡಿ. ಅವರು ನಕ್ಕರೆ ನಗಲಿ. ಮನೆಗೆ ಬಂದ ಮೇಲೂ ನಗಲಿ.